ಶುಗರ್ ಬರುವ ಮುನ್ನವೇ ಔಷಧಿ ಅಂಗಡಿಯ ನೆರವು ಪಡೆಯುವುದು ಹೇಗೆ? ದಾವಣಗೆರೆ, ಚಿತ್ರದುರ್ಗದ ಓದುಗರಿಗೆ ಮಾರ್ಗದರ್ಶಿ

“ಅಪ್ಪನಿಗೆ ಶುಗರ್ ಇದೆ, ನನಗೂ ಬರುತ್ತದೆಯೇ? ಮೆಡಿಕಲ್ ಶಾಪಿನಲ್ಲಿ ಬೆರಳು ಚುಚ್ಚಿ ನೋಡಿದರೆ ಗೊತ್ತಾಗುತ್ತದೆಯೇ? ಬರದ ಹಾಗೆ ಮೊದಲೇ ಒಂದು ಮಾತ್ರೆ ಶುರು ಮಾಡಬಹುದೇ?” ದಾವಣಗೆರೆ, ಹರಿಹರ, ಜಗಳೂರು, ಚಳ್ಳಕೆರೆ, ಹೊಸದುರ್ಗದ ಓದುಗರು ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆಗಳಿವು. ಮೊದಲನೆಯದಕ್ಕೆ ಉತ್ತರ, ಬರಬಹುದು, ಆದರೆ ಬರಲೇಬೇಕೆಂದಿಲ್ಲ. ಎರಡನೆಯದಕ್ಕೆ, ಸುಳಿವು ಸಿಗುತ್ತದೆ, ತೀರ್ಮಾನ ಸಿಗುವುದಿಲ್ಲ. ಮೂರನೆಯದಕ್ಕೆ, ವೈದ್ಯರು ಹೇಳದೆ ಖಂಡಿತ ಬೇಡ. ಈ ಉತ್ತರಗಳನ್ನು ಬಿಡಿಸಿ ಹೇಳಿ, ನಿಮ್ಮ ಬೀದಿಯ ಔಷಧಿ ಅಂಗಡಿಯಿಂದ ಏನೆಲ್ಲ ನೆರವು ಪಡೆಯಬಹುದು, ಎಲ್ಲಿ ಎಚ್ಚರ ಬೇಕು ಎಂಬುದನ್ನು ಹಂತ ಹಂತವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ನಾವು ಸಾಮಾನ್ಯವಾಗಿ ಶುಗರ್ ಅಥವಾ ಸಕ್ಕರೆ ಕಾಯಿಲೆ ಎನ್ನುವುದು ಬಹುಮಟ್ಟಿಗೆ ಟೈಪ್ 2 ಮಧುಮೇಹವನ್ನು. ರಕ್ತದಲ್ಲಿರುವ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುವ ಕೆಲಸ ಇನ್ಸುಲಿನ್ ಎಂಬ ಹಾರ್ಮೋನಿನದು. ಬೊಜ್ಜು, ಕೂತಲ್ಲೇ ಕೂರುವ ಬದುಕು ಮತ್ತು ವಂಶದ ಕಾರಣದಿಂದ ದೇಹವು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದೆ ಹೋದಾಗ, ಬೇಕಾದಷ್ಟು ಇನ್ಸುಲಿನ್ ತಯಾರಾಗದೆ ಹೋದಾಗ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಇದು ರಾತ್ರೋರಾತ್ರಿ ಆಗುವುದಿಲ್ಲ. ಸಕ್ಕರೆಯ ಮಟ್ಟ ಸಹಜಕ್ಕಿಂತ ಮೇಲೇರಿ, ಕಾಯಿಲೆಯ ಗೆರೆಯನ್ನು ಇನ್ನೂ ಮುಟ್ಟದೆ ಕೆಲವು ವರ್ಷ ನಿಲ್ಲುವುದುಂಟು. ಈ ಹಂತಕ್ಕೆ ಮಧುಮೇಹಪೂರ್ವ ಸ್ಥಿತಿ ಎನ್ನುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಮಧುಮೇಹಪೂರ್ವ ಸ್ಥಿತಿಯಲ್ಲಿದ್ದಾರೆ. ಈ ಸ್ಥಿತಿಯಲ್ಲಿ ನೋವಿಲ್ಲ, ಜ್ವರವಿಲ್ಲ, ಸುಸ್ತೂ ಇಲ್ಲದಿರಬಹುದು. ಹೀಗಾಗಿ ಆಸ್ಪತ್ರೆಗೆ ಹೋಗಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಔಷಧಿ ಅಂಗಡಿ ಮುಖ್ಯವಾಗುವುದು ಇಲ್ಲಿಯೇ. ನಲವತ್ತು ವರ್ಷದ ಆರೋಗ್ಯವಂತರು ತಮಗಾಗಿ ವೈದ್ಯರ ಬಳಿ ಹೋಗುವುದು ಅಪರೂಪ, ಆದರೆ ಅವ್ವನ ಬಿ.ಪಿ. ಮಾತ್ರೆ, ಅಪ್ಪಾಜಿಯ ಶುಗರ್ ಮಾತ್ರೆ ತರಲು ತಿಂಗಳಿಗೊಮ್ಮೆ ಅಂಗಡಿಗೆ ಹೋಗಿಯೇ ಹೋಗುತ್ತಾರೆ. ಅಲ್ಲಿ ಟೋಕನ್ ಇಲ್ಲ, ಒಳಗೆ ಹೋಗಲು ಫೀಸಿಲ್ಲ. ಇಂಗ್ಲೆಂಡಿನಲ್ಲಿ 40ರಿಂದ 74 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಸರ್ಕಾರವೇ ನೀಡುವ ಆರೋಗ್ಯ ತಪಾಸಣೆಯನ್ನು ಕೆಲವು ಪ್ರದೇಶಗಳಲ್ಲಿ ಔಷಧಿ ಅಂಗಡಿಯಲ್ಲೇ ಮಾಡುತ್ತಾರೆ. ನಮ್ಮಲ್ಲಿ ಅಂಥ ಏರ್ಪಾಡು ಇಲ್ಲವಾದ್ದರಿಂದ ಅಂಗಡಿಯವರು ತಾವಾಗಿ ನಿಮ್ಮನ್ನು ಕೇಳುವುದಿಲ್ಲ, ನೀವೇ ಬಾಯಿಬಿಟ್ಟು ಕೇಳಬೇಕು.

ಹೊರಡುವ ಮುನ್ನ ಬೇಕಾದವು

ದರ್ಜಿಗಳು ಬಳಸುವ ಅಳತೆ ಟೇಪು, ಒಂದು ಚಿಕ್ಕ ನೋಟ್‌ಬುಕ್, ಹಿಂದೆ ರಕ್ತ ಪರೀಕ್ಷೆ ಮಾಡಿಸಿದ್ದರೆ ಅದರ ವರದಿ, ಮತ್ತು ನೀವು ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರು ಮುದ್ರಿತವಾಗಿರುವ ಖಾಲಿ ಹೊದಿಕೆಗಳು. ತಂದೆ ತಾಯಿಯರಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇತ್ತು ಅಥವಾ ಇದೆ ಎಂಬುದನ್ನು ಮನೆಯಲ್ಲಿ ಕೇಳಿ ಬರೆದುಕೊಳ್ಳಿ.

1. ಅಂಗಡಿಯನ್ನೂ ಹೊತ್ತನ್ನೂ ಆರಿಸಿಕೊಳ್ಳಿ

ಔಷಧಿ ಅಂಗಡಿಯಲ್ಲಿ ಮಾತ್ರೆ ಎತ್ತಿಕೊಡುವ ಎಲ್ಲರೂ ಫಾರ್ಮಾಸಿಸ್ಟ್ ಅಲ್ಲ. ಫಾರ್ಮಸಿ ಶಿಕ್ಷಣ ಪಡೆದು, 1948ರ ಫಾರ್ಮಸಿ ಕಾಯ್ದೆಯಡಿ ರಾಜ್ಯದ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು ಮಾತ್ರ ನೋಂದಾಯಿತ ಫಾರ್ಮಾಸಿಸ್ಟ್. ವೈದ್ಯರ ಚೀಟಿಯ ಔಷಧಿಯನ್ನು ಅವರ ಉಸ್ತುವಾರಿಯಲ್ಲೇ ಕೊಡಬೇಕೆಂಬುದು ನಿಯಮ. ರೋಗಿಗೆ ಔಷಧಿಯ ಬಗ್ಗೆ ತಿಳಿಹೇಳುವುದೂ 2015ರ ಫಾರ್ಮಸಿ ವೃತ್ತಿ ನಿಯಮಾವಳಿಯ ಪ್ರಕಾರ ಅವರ ಕರ್ತವ್ಯವೇ ಆಗಿದೆ. ಗೋಡೆಯ ಮೇಲೆ ಲೈಸೆನ್ಸ್ ಪ್ರತಿ ಇದೆಯೇ ನೋಡಿ, “ಫಾರ್ಮಾಸಿಸ್ಟ್ ಯಾವ ಹೊತ್ತಿನಲ್ಲಿ ಇರುತ್ತಾರೆ?” ಎಂದು ಕೇಳಿ.

ಸಂಜೆ ಕ್ಲಿನಿಕ್‌ಗಳು ಬಿಟ್ಟ ಹೊತ್ತಿನಲ್ಲಿ, ಅದರಲ್ಲೂ ದಾವಣಗೆರೆಯ ಪಿ.ಜೆ. ಬಡಾವಣೆಯಂಥ ಕಡೆ, ಕೌಂಟರಿನ ಮುಂದೆ ನಿಂತು ಮಾತಾಡಲು ಜಾಗವೇ ಇರುವುದಿಲ್ಲ. ಬೆಳಗಿನ ಅಥವಾ ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಹೋಗಿ, ಮುಚ್ಚುಮರೆಯಿಲ್ಲದೆ ಹೇಳಿ: “ಸರ್, ನನಗೆ ಶುಗರ್ ಇಲ್ಲ, ಆದರೆ ಅಪ್ಪಾಜಿಗೆ ಇದೆ. ಬರದ ಹಾಗೆ ನೋಡಿಕೊಳ್ಳಬೇಕು ಅಂತಿದ್ದೀನಿ. ತಿಂಗಳಿಗೊಂದು ಸಲ ತೂಕ, ಬಿ.ಪಿ. ನೋಡಿ ಬರೆದುಕೊಡ್ತೀರಾ?” ಒಪ್ಪಿದರೆ ಅಂಗಡಿಯನ್ನು ಬದಲಿಸಬೇಡಿ. ಹತ್ತು ರೂಪಾಯಿ ರಿಯಾಯಿತಿಗಾಗಿ ಪ್ರತಿ ಸಲ ಬೇರೆ ಅಂಗಡಿಗೆ ಹೋದರೆ ನಿಮ್ಮ ಅಳತೆಗಳ ಏರಿಳಿತವನ್ನು ಗಮನಿಸುವವರು ಯಾರೂ ಇರುವುದಿಲ್ಲ.

2. ನಿಮ್ಮ ಅಪಾಯದ ಅಂಕ ಲೆಕ್ಕ ಹಾಕಿ

ರಕ್ತ ಕೊಡುವ ಮೊದಲು ಮಾಡಬೇಕಾದ ಕೆಲಸವಿದು. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ 2005ರಲ್ಲಿ ಭಾರತೀಯರಿಗೆಂದೇ ರೂಪಿಸಿದ ಅಂಕಪದ್ಧತಿಯೊಂದಿದೆ. ಅದರಲ್ಲಿ ನಾಲ್ಕೇ ಪ್ರಶ್ನೆಗಳು, ಒಟ್ಟು ನೂರು ಅಂಕ.

ವಯಸ್ಸು: 35ಕ್ಕಿಂತ ಕಡಿಮೆಯಿದ್ದರೆ ಸೊನ್ನೆ, 35ರಿಂದ 49ರವರೆಗೆ 20, 50 ಮತ್ತು ಮೇಲ್ಪಟ್ಟವರಿಗೆ 30.
ಸೊಂಟದ ಸುತ್ತಳತೆ: ಹೆಂಗಸರಿಗೆ 80 ಸೆಂ.ಮೀ.ಗಿಂತ, ಗಂಡಸರಿಗೆ 90 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸೊನ್ನೆ. ಹೆಂಗಸರಿಗೆ 80ರಿಂದ 89, ಗಂಡಸರಿಗೆ 90ರಿಂದ 99 ಇದ್ದರೆ 10. ಅದಕ್ಕೂ ಹೆಚ್ಚಿದ್ದರೆ 20.
ದೈಹಿಕ ಚಟುವಟಿಕೆ: ನಿತ್ಯ ವ್ಯಾಯಾಮವೂ ಮೈಮುರಿಯುವ ದುಡಿಮೆಯೂ ಎರಡೂ ಇದ್ದರೆ ಸೊನ್ನೆ, ಎರಡರಲ್ಲಿ ಒಂದಿದ್ದರೆ 20, ಎರಡೂ ಇಲ್ಲದಿದ್ದರೆ 30.
ವಂಶ: ತಂದೆ ತಾಯಿಯರಲ್ಲಿ ಯಾರಿಗೂ ಇಲ್ಲದಿದ್ದರೆ ಸೊನ್ನೆ, ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20.

ಮೊತ್ತ 60 ಅಥವಾ ಹೆಚ್ಚಾದರೆ ಅಪಾಯ ಹೆಚ್ಚು, 30ರಿಂದ 50ರೊಳಗಿದ್ದರೆ ಮಧ್ಯಮ, 30ಕ್ಕಿಂತ ಕೆಳಗಿದ್ದರೆ ಕಡಿಮೆ.

ಎಲ್ಲರೂ ತಪ್ಪುವುದು ಸುತ್ತಳತೆಯಲ್ಲಿ. ಪ್ಯಾಂಟಿನ ಸೈಜು ನಿಮ್ಮ ಸೊಂಟದ ಅಳತೆಯಲ್ಲ, ಏಕೆಂದರೆ ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಬಟ್ಟೆಯ ಮೇಲಲ್ಲದೆ ಚರ್ಮದ ಮೇಲೆ, ಉಸಿರನ್ನು ಸಹಜವಾಗಿ ಹೊರಬಿಟ್ಟ ಕ್ಷಣದಲ್ಲಿ ಟೇಪನ್ನು ಬಿಗಿಯದೆ ಹಿಡಿದು ಅಳೆಯಬೇಕು. ಇದನ್ನು ಮನೆಯಲ್ಲೇ ಮಾಡಿಕೊಂಡು ಅಂಗಡಿಗೆ ಹೋಗುವುದು ಅನುಕೂಲ, ಹೆಂಗಸರಿಗಂತೂ ಇದೇ ಸರಿ.

ಒಂದು ಉದಾಹರಣೆ ನೋಡೋಣ. ಮಂಡಿಪೇಟೆಯ ಅಂಗಡಿಯೊಂದರಲ್ಲಿ ಕೂತು ಲೆಕ್ಕ ಬರೆಯುವ 42 ವರ್ಷದ ಗಂಡಸು, ಸೊಂಟ 94 ಸೆಂ.ಮೀ., ವ್ಯಾಯಾಮವಿಲ್ಲ, ತಾಯಿಗೆ ಶುಗರ್ ಇದೆ. ಅಂಕ 20, 10, 30, 10 ಸೇರಿ 70 ಆಗುತ್ತದೆ. ವಯಸ್ಸನ್ನೂ ತಾಯಿಯ ಕಾಯಿಲೆಯನ್ನೂ ಬದಲಿಸಲಾಗದು. ಆದರೆ ಅವರು ನಿತ್ಯ ನಡೆಯಲು ತೊಡಗಿ ಸೊಂಟವನ್ನು 90 ಸೆಂ.ಮೀ.ಗಿಂತ ಕೆಳಗೆ ಇಳಿಸಿದರೆ ಅದೇ ಅಂಕ 50ಕ್ಕೆ ಬರುತ್ತದೆ.

ಕೆಲವರು ಅಂಕ ಕಡಿಮೆ ಬಂತೆಂದು ಸುಮ್ಮನಾಗಬಾರದು. ಬಸುರಿಯಾಗಿದ್ದಾಗ ಸಕ್ಕರೆ ಏರಿದ್ದ ತಾಯಂದಿರು, ಪಿಸಿಒಡಿ (ಹಾರ್ಮೋನು ಏರುಪೇರಿನ ಅಂಡಾಶಯದ ತೊಂದರೆ) ಎಂದು ವೈದ್ಯರು ಹೇಳಿರುವ ಹೆಣ್ಣುಮಕ್ಕಳು, ಬಿ.ಪಿ. ಇರುವವರು, ಕುತ್ತಿಗೆಯ ಹಿಂಭಾಗ ಅಥವಾ ಕಂಕುಳಿನ ಚರ್ಮ ದಪ್ಪವಾಗಿ ಕಪ್ಪಾಗಿರುವವರು ಅಂಕ ಎಷ್ಟೇ ಬಂದರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.

3. ಬೆರಳಿನ ಪರೀಕ್ಷೆ: ಎಷ್ಟು ನಂಬಬೇಕು

ಅನೇಕ ಅಂಗಡಿಗಳಲ್ಲಿ ಗ್ಲುಕೋಮೀಟರ್ ಇರುತ್ತದೆ, ಎಂದರೆ ಬೆರಳ ತುದಿಯ ಒಂದು ಹನಿ ರಕ್ತದಿಂದ ಸಕ್ಕರೆಯ ಮಟ್ಟ ತೋರಿಸುವ ಪುಟ್ಟ ಯಂತ್ರ. ಅಂತರರಾಷ್ಟ್ರೀಯ ಮಾನದಂಡಕ್ಕೆ ತಕ್ಕಂತಿರುವ ಯಂತ್ರದಲ್ಲೂ 100ಕ್ಕಿಂತ ಮೇಲಿನ ಅಂಕೆ ಶೇ 15ರಷ್ಟು ಆಚೀಚೆ ಆಗಬಹುದು. ಅಂದರೆ ಪ್ರಯೋಗಾಲಯದಲ್ಲಿ 120 ಬರುವ ರಕ್ತಕ್ಕೆ ಯಂತ್ರ 102 ಎಂದೂ ತೋರಿಸಬಹುದು, 138 ಎಂದೂ ತೋರಿಸಬಹುದು. ಸಹಜ ಮಟ್ಟಕ್ಕೂ (ಬರಿಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ) ಕಾಯಿಲೆಗೂ (126 ಮತ್ತು ಮೇಲೆ) ನಡುವಿನ ಅಂತರವೇ ಇಷ್ಟು ಚಿಕ್ಕದಾಗಿರುವಾಗ ಈ ಯಂತ್ರದಿಂದ “ಶುಗರ್ ಇದೆ” ಅಥವಾ “ಇಲ್ಲ” ಎಂದು ತೀರ್ಮಾನಿಸುವುದು ತಪ್ಪು. ಯಾರು ಪ್ರಯೋಗಾಲಯಕ್ಕೆ ಬೇಗ ಹೋಗಬೇಕು ಎಂದು ಗುರುತಿಸಲು ಮಾತ್ರ ಅದು ಸಾಕು.

ಪರೀಕ್ಷೆಗೆ ಮುನ್ನ ಕೈಯನ್ನು ಸೋಪಿನಿಂದ ತೊಳೆದು ಒರೆಸಿಕೊಳ್ಳಿ. ಬಾಳೆಹಣ್ಣು ಸುಲಿದ ಕೈಯಲ್ಲಿ ಪರೀಕ್ಷಿಸಿದರೆ ಬೆರಳಿಗಂಟಿದ ಸಕ್ಕರೆಯೇ ಅಂಕೆಯನ್ನು ಏರಿಸುತ್ತದೆ. ಬೆರಳಿನ ನಟ್ಟನಡುವೆ ಚುಚ್ಚದೆ ಪಕ್ಕದಲ್ಲಿ ಚುಚ್ಚಿಸಿಕೊಳ್ಳಿ, ನೋವು ಕಡಿಮೆ. ರಕ್ತ ಬರಲಿಲ್ಲವೆಂದು ಬೆರಳನ್ನು ಜೋರಾಗಿ ಹಿಂಡಬಾರದು. ಸೂಜಿಯ ವಿಷಯದಲ್ಲಿ ಮಾತ್ರ ಯಾವ ಸಂಕೋಚವೂ ಬೇಡ: ನಿಮ್ಮ ಕಣ್ಣೆದುರೇ ಹೊಸ ಸೂಜಿಯ ಮುಚ್ಚಳ ತೆಗೆಯಬೇಕು. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ ಯಂಥ ಸೋಂಕು ಹರಡುತ್ತದೆ. ರಕ್ತದ ಹನಿ ಮುಟ್ಟಿಸಿ ಯಂತ್ರಕ್ಕೆ ಹಾಕುವ ಪುಟ್ಟ ಪಟ್ಟಿಗೆ ಸ್ಟ್ರಿಪ್ ಎನ್ನುತ್ತಾರೆ, ಅದರ ಡಬ್ಬಿಯ ಮೇಲಿನ ಅವಧಿಯ ದಿನಾಂಕವನ್ನೂ ಓದಿ. ಸ್ಟ್ರಿಪ್‌ಗಳನ್ನು ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್ಸಿಗಿಂತ ತಂಪಾದ ಜಾಗದಲ್ಲಿ ಮುಚ್ಚಳ ಬಿಗಿದು ಇಡಬೇಕು. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಶೀಟಿನ ಅಂಗಡಿಯ ಕಪಾಟಿನಲ್ಲಿಟ್ಟ ಸ್ಟ್ರಿಪ್ ಸರಿಯಾದ ಅಂಕೆ ಕೊಡುತ್ತದೆಂದು ನಂಬುವಂತಿಲ್ಲ.

4. ಪ್ರಯೋಗಾಲಯದ ಪರೀಕ್ಷೆ ಮತ್ತು ಅಂಕೆಗಳ ಅರ್ಥ

ಅಪಾಯದ ಅಂಕ 60 ಮುಟ್ಟಿದ್ದರೆ, ಅಥವಾ ಬೆರಳಿನ ಪರೀಕ್ಷೆಯಲ್ಲಿ ಬರಿಹೊಟ್ಟೆಯಲ್ಲಿ 100 ದಾಟಿದ್ದರೆ, ರಕ್ತನಾಳದಿಂದ ತೆಗೆದ ರಕ್ತದ ಪರೀಕ್ಷೆ ಅಗತ್ಯ. ಬರಿಹೊಟ್ಟೆ ಎಂದರೆ ಕನಿಷ್ಠ ಎಂಟು ಗಂಟೆ ನೀರಿನ ಹೊರತು ಏನನ್ನೂ ಸೇವಿಸದಿರುವುದು. “ಒಂದೇ ಒಂದು ಲೋಟ ಟೀ” ಕುಡಿದು ಹೋದರೂ ಪರೀಕ್ಷೆ ಕೆಟ್ಟಿತೆಂದೇ ಲೆಕ್ಕ.

ವೈದ್ಯರು ಹೆಚ್ಚಾಗಿ ಬಳಸುವ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ನಿನ ಮಾನದಂಡದಂತೆ ಬರಿಹೊಟ್ಟೆಯ ಸಕ್ಕರೆ ಪ್ರತಿ ಡೆಸಿಲೀಟರ್ ರಕ್ತಕ್ಕೆ 100 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಸಹಜ, 100ರಿಂದ 125 ಇದ್ದರೆ ಮಧುಮೇಹಪೂರ್ವ ಸ್ಥಿತಿ, 126 ಅಥವಾ ಹೆಚ್ಚಿದ್ದರೆ ಮಧುಮೇಹ. ವಿಶ್ವ ಆರೋಗ್ಯ ಸಂಸ್ಥೆ ಮಧುಮೇಹಪೂರ್ವ ಸ್ಥಿತಿಯನ್ನು 110ರಿಂದ ಲೆಕ್ಕ ಹಾಕುತ್ತದೆ. ಎರಡು ವರದಿಗಳಲ್ಲಿ ಎರಡು ಬಗೆಯ ಗೆರೆ ಕಂಡರೆ ಗಾಬರಿಯಾಗಬೇಡಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡುವ ಪರೀಕ್ಷೆಯಲ್ಲಿ 140ರಿಂದ 199 ಮಧುಮೇಹಪೂರ್ವ, 200 ಮತ್ತು ಮೇಲೆ ಮಧುಮೇಹ. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇ 5.7ರಿಂದ 6.4 ಮಧುಮೇಹಪೂರ್ವ, 6.5 ಮತ್ತು ಮೇಲೆ ಮಧುಮೇಹ. ರೋಗಲಕ್ಷಣಗಳಿಲ್ಲದವರಲ್ಲಿ ಒಂದೇ ವರದಿಯಿಂದ ಮಧುಮೇಹ ಎಂದು ನಿರ್ಧರಿಸದೆ ಎರಡನೆಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ.

ರಕ್ತಹೀನತೆ ಇರುವ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು. ಕಬ್ಬಿಣದ ಅಂಶದ ಕೊರತೆಯಿದ್ದಾಗ ಎಚ್‌ಬಿಎ1ಸಿ ಅಂಕೆ ಇರುವುದಕ್ಕಿಂತ ಹೆಚ್ಚಾಗಿ ಬರಬಹುದು. ಹಿಮೋಗ್ಲೋಬಿನ್ ವರದಿಯನ್ನೂ ಬರಿಹೊಟ್ಟೆಯ ಸಕ್ಕರೆಯ ವರದಿಯನ್ನೂ ಒಟ್ಟಿಗೆ ವೈದ್ಯರಿಗೆ ತೋರಿಸಿ.

ಹಣದ ಅಡಚಣೆಯಿದ್ದರೆ ಪರೀಕ್ಷೆಯನ್ನು ಮುಂದೂಡಬೇಡಿ. 30 ವರ್ಷ ಮೇಲ್ಪಟ್ಟವರಿಗೆ ಬಿ.ಪಿ., ಶುಗರ್ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಸರ್ಕಾರದ “ನಮ್ಮ ಕ್ಲಿನಿಕ್”ಗಳಲ್ಲಿ ಉಚಿತವಾಗಿ ನಡೆಯುತ್ತದೆ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೂ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೂ ಹೋಗಬಹುದು. ಹಳ್ಳಿಯಲ್ಲಿದ್ದರೆ ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ, ತಪಾಸಣೆಯ ದಿನ ಅವರಿಗೆ ತಿಳಿದಿರುತ್ತದೆ.

5. ನಿಮ್ಮ ಮಾತ್ರೆಗಳ ಪಟ್ಟಿಯನ್ನು ಫಾರ್ಮಾಸಿಸ್ಟರಿಗೆ ತೋರಿಸಿ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ತೂಕ, ಬಿ.ಪಿ.ಗಳನ್ನು ಬೇರೆಯವರೂ ನೋಡಬಲ್ಲರು, ಆದರೆ ಔಷಧಿಗಳ ಬಗ್ಗೆ ಫಾರ್ಮಾಸಿಸ್ಟರಿಗಿರುವ ತಿಳಿವಳಿಕೆ ಬೀದಿಯಲ್ಲಿ ಬೇರೆ ಯಾರಿಗೂ ಇರುವುದಿಲ್ಲ.

ಸಕ್ಕರೆಯನ್ನು ಏರಿಸುವ ಔಷಧಿಗಳಲ್ಲಿ ಮೊದಲು ಹೆಸರಿಸಬೇಕಾದವು ಸ್ಟೀರಾಯ್ಡ್‌ಗಳು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಈ ಗುಂಪಿನವು. ಆಸ್ತಮಾ, ಕೀಲುವಾತ ಮೊದಲಾದವುಗಳಲ್ಲಿ ವೈದ್ಯರು ಲೆಕ್ಕಹಾಕಿ ಬರೆಯುವ ಈ ಔಷಧಿಗಳು ಜೀವ ಉಳಿಸುತ್ತವೆ. ಅಪಾಯವಿರುವುದು ಚೀಟಿಯಿಲ್ಲದೆ, ಹೆಸರಿಲ್ಲದೆ, ಕಾಗದದ ಪೊಟ್ಟಣದಲ್ಲಿ ನಾಲ್ಕು ಬಗೆಯ ಬಿಡಿ ಮಾತ್ರೆ ಸೇರಿಸಿ ಕೊಡುವ “ಮೈಕೈ ನೋವಿನ ಸೆಟ್ಟು”ಗಳಲ್ಲಿ. ಮೂಟೆ ಹೊರುವ ಹಮಾಲರು, ಗದ್ದೆ ಕೆಲಸದವರು ಮರುದಿನ ದುಡಿಯಲೇಬೇಕಾದ ಒತ್ತಡದಲ್ಲಿ ಇವನ್ನು ನುಂಗುತ್ತಾರೆ. ನೋವು ತಟ್ಟನೆ ಇಳಿಯುತ್ತದೆ, ಹಸಿವು ಹೆಚ್ಚುತ್ತದೆ, ಮುಖ ತುಂಬಿಕೊಳ್ಳುತ್ತದೆ, ಜೊತೆಗೆ ರಕ್ತದ ಸಕ್ಕರೆಯೂ ಏರುತ್ತದೆ. ಹೆಸರು, ಅವಧಿ ಮುದ್ರಿತವಾಗಿರದ ಬಿಡಿ ಮಾತ್ರೆಯನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. ಈಗಾಗಲೇ ವಾರಗಟ್ಟಲೆ ಇಂಥ ಮಾತ್ರೆ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಏಕೆಂದರೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿಕೊಂಡಿರುತ್ತದೆ. ಪೊಟ್ಟಣವನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಹಂತ ಹಂತವಾಗಿ ಬಿಡಿ.

ಬಿ.ಪಿ.ಗೆ ಕೊಡುವ ಹೈಡ್ರೋಕ್ಲೋರೋಥಯಾಝೈಡ್, ಮಾನಸಿಕ ಕಾಯಿಲೆಗೆ ಕೊಡುವ ಒಲಾಂಜಪಿನ್ ಕೂಡ ಕೆಲವರಲ್ಲಿ ಸಕ್ಕರೆ ಏರಿಸಬಲ್ಲವು. ಇದನ್ನು ಓದಿ ಆ ಮಾತ್ರೆ ನಿಲ್ಲಿಸಿದರೆ ಮೂಲ ಕಾಯಿಲೆ ಕೆರಳುತ್ತದೆ. “ಈ ಮಾತ್ರೆಯ ಜೊತೆ ಶುಗರ್ ಟೆಸ್ಟ್ ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು?” ಎಂದು ಕೇಳುವುದು ಸರಿಯಾದ ದಾರಿ.

ಮನೆಯ ಹಿರಿಯರ ಮಾತ್ರೆಯನ್ನು ಮುನ್ನೆಚ್ಚರಿಕೆಯೆಂದು ನುಂಗುವವರಿಗೆ ಒಂದು ಮಾತು. ಅಪ್ಪನ ಗ್ಲಿಮೆಪಿರೈಡ್ ಮಾತ್ರೆಯನ್ನು ಶುಗರ್ ಇಲ್ಲದ ಮಗ ತೆಗೆದುಕೊಂಡರೆ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿದು ಪ್ರಜ್ಞೆ ತಪ್ಪಬಹುದು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಮಧುಮೇಹಪೂರ್ವ ಸ್ಥಿತಿಯ ಕೆಲವರಿಗೆ ವೈದ್ಯರು ಬರೆಯುವುದುಂಟು, ಆದರೆ ಮೂತ್ರಪಿಂಡದ ಸ್ಥಿತಿ ನೋಡಿಯೇ ಬರೆಯುತ್ತಾರೆ. ಚೀಟಿಯಿಲ್ಲದೆ ಕೊಡಲಾರೆ ಎಂದ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ, ಅವರು ನಿಮ್ಮ ಹಿತವನ್ನೇ ನೋಡುತ್ತಿದ್ದಾರೆ.

ಕೌಂಟರಿನ ಮೇಲೆ ಜೋಡಿಸಿಟ್ಟ ಡಬ್ಬಿಗಳ ಬಗ್ಗೆಯೂ ಎಚ್ಚರವಿರಲಿ. ಬೇಸಿಗೆಯ ದಣಿವಿಗೆಂದು ಒಯ್ಯುವ ಗ್ಲೂಕೋಸ್ ಪುಡಿ ಬಹುಪಾಲು ಸಕ್ಕರೆಯೇ. ಓಆರ್‌ಎಸ್ ಇರುವುದು ವಾಂತಿ ಭೇದಿಗೆ, ದಿನನಿತ್ಯದ ಪಾನೀಯವಾಗಿ ಅಲ್ಲ. “ಶುಗರ್ ಬರದಂತೆ ತಡೆಯುವ” ಚೂರ್ಣಗಳಿಗೆ ಹಣ ಸುರಿಯುವ ಬದಲು ಒಂದು ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ.

6. ಆರು ತಿಂಗಳ ಗುರಿ ಇಟ್ಟುಕೊಳ್ಳಿ

ಮಧುಮೇಹಪೂರ್ವ ಸ್ಥಿತಿ ಎಂದು ವೈದ್ಯರು ಹೇಳಿದರೆ ಎದೆಗುಂದಬೇಡಿ. 2006ರಲ್ಲಿ ಪ್ರಕಟವಾದ ಚೆನ್ನೈನ ಅಧ್ಯಯನವೊಂದರಲ್ಲಿ ಇಂಥ 531 ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಲಾಯಿತು. ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂತು. ಆಹಾರ, ನಡಿಗೆ ಬದಲಿಸಿಕೊಂಡವರಲ್ಲಿ ಅದು ನೂರಕ್ಕೆ 39ಕ್ಕೆ ಇಳಿಯಿತು. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ದೇಹದ ತೂಕದಲ್ಲಿ ಶೇ 7ರಷ್ಟು ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ವ್ಯಾಯಾಮ ಎಂಬ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹದ ಪ್ರಮಾಣ ಶೇ 58ರಷ್ಟು ತಗ್ಗಿತು, ಮೆಟ್‌ಫಾರ್ಮಿನ್ ಮಾತ್ರೆ ಪಡೆದವರಲ್ಲಿ ತಗ್ಗಿದ್ದು ಶೇ 31. ನಿಮ್ಮ ತೂಕ 70 ಕಿಲೋ ಇದ್ದರೆ ಇಳಿಸಬೇಕಾದದ್ದು ಸುಮಾರು ಐದು ಕಿಲೋ. ಆರು ತಿಂಗಳಲ್ಲಿ ಅದು ಸಾಧ್ಯ.

ನಡಿಗೆಗೆ ದಾವಣಗೆರೆಯವರಿಗೆ ಕುಂದುವಾಡ ಕೆರೆಯ ಏರಿಯಿದೆ, ಚಿತ್ರದುರ್ಗದವರಿಗೆ ಕೋಟೆಯ ಸುತ್ತಮುತ್ತಲ ದಾರಿಗಳಿವೆ. ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಬಿರುಸಿನಲ್ಲಿ ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆದರೆ 150 ನಿಮಿಷ ತುಂಬುತ್ತದೆ.

ಊಟದಲ್ಲಿ ಮೊದಲು ಕೈ ಹಾಕಬೇಕಾದದ್ದು ಅನ್ನದ ಪ್ರಮಾಣಕ್ಕೆ. ಭದ್ರಾ ನಾಲೆಯ ನೀರು ಹರಿಯುವ ನಮ್ಮ ಸೀಮೆಯಲ್ಲಿ ಮೂರು ಹೊತ್ತೂ ಬಿಳಿ ಅಕ್ಕಿ ಉಣ್ಣುವ ಮನೆಗಳು ಬಹಳ. ಎರಡು ಸಲ ಬಡಿಸಿಕೊಳ್ಳುವಲ್ಲಿ ಒಂದು ಸಲಕ್ಕೆ ನಿಲ್ಲಿಸಿ, ಆ ಜಾಗಕ್ಕೆ ಪಲ್ಯ, ಕಾಳು, ಸೊಪ್ಪು ಬರಲಿ. ಜೋಳದ ರೊಟ್ಟಿ, ಹೊಸದುರ್ಗದ ಕಡೆ ಬೆಳೆಯುವ ಸಾಮೆ, ನವಣೆ ಒಳ್ಳೆಯವು. ಆದರೆ ರಾಗಿ, ಸಿರಿಧಾನ್ಯ ಎಂದ ಮಾತ್ರಕ್ಕೆ ಎಷ್ಟಾದರೂ ತಿನ್ನಬಹುದೆಂಬ ನಂಬಿಕೆ ತಪ್ಪು, ದೊಡ್ಡ ಮುದ್ದೆ ಎರಡು ಉಂಡರೆ ಅದರಲ್ಲಿರುವ ಪಿಷ್ಟವೂ ಸಕ್ಕರೆಯಾಗಿಯೇ ರಕ್ತ ಸೇರುತ್ತದೆ. ಸಂಜೆಯ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ವಿಷಯದಲ್ಲಿ ಓದುಗರಿಗೆ ಬೇಸರವಾದರೂ ಹೇಳಲೇಬೇಕು: ಮಂಡಕ್ಕಿ ಹಗುರವೆನ್ನಿಸಿದರೂ ಬಹುಬೇಗ ಜೀರ್ಣವಾಗಿ ಸಕ್ಕರೆಯನ್ನು ಏರಿಸುತ್ತದೆ, ಬಜ್ಜಿಯ ಎಣ್ಣೆ ತೂಕಕ್ಕೆ ಸೇರುತ್ತದೆ. ದಿನವೂ ತಿನ್ನುವವರು ಅದನ್ನು ವಾರಕ್ಕೊಮ್ಮೆಗೆ ಇಳಿಸಲಿ. ಬೆಣ್ಣೆ ದೋಸೆಗೂ ಅದೇ ಮಾತು. ಬೀಡಿ, ಸಿಗರೇಟು ಸೇದುವುದೂ ಟೈಪ್ 2 ಮಧುಮೇಹದ ಅಪಾಯವನ್ನು ಹೆಚ್ಚಿಸುತ್ತದೆ. ಬಿಡಲು ನೆರವಾಗುವ ನಿಕೋಟಿನ್ ಗಮ್ ಬಳಸುವ ಕ್ರಮವನ್ನು ಫಾರ್ಮಾಸಿಸ್ಟರಿಂದ ಕೇಳಿ ತಿಳಿಯಿರಿ.

7. ತಿಂಗಳಿಗೊಮ್ಮೆ ಅದೇ ಅಂಗಡಿ, ಅದೇ ಅಳತೆ

ಹಿರಿಯರ ಮಾತ್ರೆ ತರುವ ದಿನವನ್ನೇ ನಿಮ್ಮ ಅಳತೆಯ ದಿನವನ್ನಾಗಿ ಮಾಡಿಕೊಳ್ಳಿ. ಅದೇ ತಕ್ಕಡಿಯಲ್ಲಿ ಚಪ್ಪಲಿ ಬಿಚ್ಚಿ ತೂಕ ನೋಡಿ. ಬಿ.ಪಿ. ನೋಡಿಸುವ ಮುನ್ನ ಐದು ನಿಮಿಷ ಕೂತಿರಿ, ಅದಕ್ಕೂ ಮೊದಲಿನ ಅರ್ಧ ಗಂಟೆ ಟೀ, ಕಾಫಿ, ಸಿಗರೇಟು ಬೇಡ. ದಿನಾಂಕ, ತೂಕ, ಸೊಂಟ, ಬಿ.ಪಿ. ನಾಲ್ಕನ್ನೂ ನೋಟ್‌ಬುಕ್ಕಿನ ಒಂದೇ ಸಾಲಿನಲ್ಲಿ ಬರೆಯಿರಿ. ಬೆರಳಿನ ಪರೀಕ್ಷೆಯನ್ನು ಪ್ರತಿ ತಿಂಗಳು ಮಾಡಿಸುವ ಅಗತ್ಯವಿಲ್ಲ, ಅಂಕೆ ಎರಡು ಏರಿದರೆ ಭಯ, ಎರಡು ಇಳಿದರೆ ಮೈಮರೆವು ಎಂಬಂತಾಗುತ್ತದೆ. ಬಿ.ಪಿ. 140/90 ಅಥವಾ ಹೆಚ್ಚು ಎಂದು ಬೇರೆ ಬೇರೆ ದಿನ ಕಂಡರೆ ನೋಟ್‌ಬುಕ್ ಹಿಡಿದು ವೈದ್ಯರ ಬಳಿ ಹೋಗಿ.

ಇದನ್ನು ಓದುತ್ತಿರುವ ಔಷಧಿ ಅಂಗಡಿಯವರಲ್ಲಿ ಒಂದು ವಿನಂತಿ. ಒಂದು ತಕ್ಕಡಿ, ಒಂದು ಟೇಪು, ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳ ಕನ್ನಡದ ಒಂದು ಹಾಳೆ, ಇಷ್ಟನ್ನು ಕೌಂಟರಿನ ಬದಿಯಲ್ಲಿ ಇಡಿ. ಶುಗರ್ ಮಾತ್ರೆ ಒಯ್ಯುವವರನ್ನು “ನಿಮ್ಮದು ನೋಡಿಸಿದ್ದೀರಾ?” ಎಂದು ಕೇಳಿ. ಅಂಕ ಹೆಚ್ಚಿದ್ದವರಿಗೆ ಎಲ್ಲಿಗೆ ಹೋಗಬೇಕೆಂದು ಬರೆದುಕೊಡಿ, ಮುಂದಿನ ಸಲ ಬಂದಾಗ ಹೋಗಿದ್ದಿರಾ ಎಂದು ವಿಚಾರಿಸಿ. ಆ ವಿಚಾರಣೆ ಇಲ್ಲದಿದ್ದರೆ ಬರೆದುಕೊಟ್ಟ ಚೀಟಿ ಹೆಚ್ಚಿನವರ ಜೇಬಿನಲ್ಲೇ ಉಳಿಯುತ್ತದೆ.

8. ಮತ್ತೆ ಯಾವಾಗ ಪರೀಕ್ಷೆ, ಯಾವಾಗ ತಡಮಾಡಬಾರದು

ಮಧುಮೇಹಪೂರ್ವ ಸ್ಥಿತಿಯಲ್ಲಿರುವವರು ಕನಿಷ್ಠ ವರ್ಷಕ್ಕೊಮ್ಮೆ ಪ್ರಯೋಗಾಲಯದ ಪರೀಕ್ಷೆ ಮಾಡಿಸಬೇಕು. ವರದಿ ಸಹಜವಾಗಿದ್ದವರು ಮೂರು ವರ್ಷ ಮೀರಬಾರದು, ನಡುವೆ ತೂಕ ಏರಿದರೆ ಅದಕ್ಕೂ ಮೊದಲೇ ಮಾಡಿಸಬೇಕು. ಬಸುರಿಯಲ್ಲಿ ಸಕ್ಕರೆ ಏರಿದ್ದ ತಾಯಂದಿರು ಹೆರಿಗೆಯಾದ 4ರಿಂದ 12 ವಾರಗಳೊಳಗೆ ಒಮ್ಮೆ ಗ್ಲೂಕೋಸ್ ಕುಡಿದು ಮಾಡುವ ಪರೀಕ್ಷೆ ಮಾಡಿಸಿ, ಆಮೇಲೂ ಬಿಡದೆ ಮುಂದುವರಿಸಬೇಕು. ಬಾಣಂತನದ ಗಡಿಬಿಡಿಯಲ್ಲಿ ಮರೆತುಹೋಗುವ ಪರೀಕ್ಷೆಯಿದು, ಮನೆಯವರು ನೆನಪಿಸಲಿ.

ಅತಿಯಾದ ಬಾಯಾರಿಕೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳ ಜೊತೆಗೆ ಯಾವ ಹೊತ್ತಿನಲ್ಲಿ ನೋಡಿದರೂ ಸಕ್ಕರೆ 200 ದಾಟಿದ್ದರೆ ಆ ದಿನವೇ ವೈದ್ಯರನ್ನು ಕಾಣಿ. ವಾಂತಿ, ಏದುಸಿರು, ಮಂಪರು ಸೇರಿಕೊಂಡರೆ ಅಂಗಡಿಗಾಗಲಿ ಕ್ಲಿನಿಕ್ಕಿಗಾಗಲಿ ಹೋಗಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ ನೇರವಾಗಿ ಆಸ್ಪತ್ರೆಗೆ ಹೋಗಿ.